ಮೂರು ನೌಕೆ, ಹನ್ನೊಂದು ಜನ, ಒಂದು ಬಚ್ಚಲು

ಆ ಭಾನುವಾರ ಬೆಳಿಗ್ಗೆ ಏಳೂಕಾಲರೊಳಗೆ ನಾನು ಮಾಡಿ ಮುಗಿಸಿದ್ದ ಕೆಲಸಗಳು ಇವು: ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದದ್ದು. ನಲ್ಲಿಯಲ್ಲಿ ನೀರು ಬಂದದ್ದೇ ಎರಡು ಡ್ರಮ್ಮು, ಆರು ಕೊಡ ತುಂಬಿಸಿದ್ದು. ಹಂಡೆಗೆ ಉರಿ ಹಾಕಿದ್ದು. ಹಾಲು ಕಾಯಿಸಿ ಅವ್ವನೊಬ್ಬಳನ್ನು ಬಿಟ್ಟು ಮನೆಮಂದಿಗೆಲ್ಲ ಕಾಫಿ ಕೊಟ್ಟದ್ದು, ಅದರಲ್ಲಿ ಅಣ್ಣನಿಗೆ ಎರಡು ಸಲ. ಉಪ್ಪಿಟ್ಟಿಗೆ ರವೆ ಹುರಿದದ್ದು. ಏಳು ಗಂಟೆಗೆ ಸರಿಯಾಗಿ ಅವ್ವನಿಗೆ ಇನ್ಸುಲಿನ್ ಸೂಜಿ ಚುಚ್ಚಿದ್ದು. ಆಮೇಲೆ, ಮನೆಯಲ್ಲಿದ್ದ ಮೊಸರು ಅಷ್ಟು ಜನಕ್ಕೆ ಸಾಲದೆಂದು ಪಾತ್ರೆ ಹಿಡಿದು ಅಂಗಡಿಗೆ ಹೊರಟದ್ದು.

ಹೀಗೆ ದಿನವನ್ನು ಬಿಡಿಬಿಡಿಯಾಗಿ ಎಣಿಸಿಡುವುದು ನನ್ನ ಹುಟ್ಟುಗುಣ. ನಮ್ಮ ಅಜ್ಜಂಪುರದ ಮನೆಯ ಅಡುಗೆಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಕ್ಯಾಲೆಂಡರು ನೇತಾಡುತ್ತದೆ. ಸಿಲಿಂಡರು ಬದಲಿಸಿದ ದಿನ, ಉಪ್ಪಿನಕಾಯಿ ಹಾಕಿದ ದಿನ, ಬೆಕ್ಕು ಮರಿ ಹಾಕಿದ ದಿನ ಎಲ್ಲವೂ ಅದರಲ್ಲಿವೆ. ಅವ್ವ ನಮ್ಮ ಮನೆಯಲ್ಲಿದ್ದಾಗ ಬೆಳಿಗ್ಗೆಯ ಸೂಜಿಗೊಂದು, ಸಂಜೆಯ ಸೂಜಿಗೊಂದು ನೀಲಿ ಗುರುತು. "ಸೂಜಿ ಕೊಟ್ರಾ, ಬಿಟ್ರಾ ಅಂತ ಯಾರೂ ಯಾರನ್ನೂ ಕೇಳಬೇಡಿ. ಕ್ಯಾಲೆಂಡರ್ ನೋಡಿ" ಎಂಬುದು ನಾನೇ ಹೊರಡಿಸಿದ ಕಾನೂನು. ಮನೆಯವರೆಲ್ಲ ಇದನ್ನು ಮೆಚ್ಚಿ ಮಾತಾಡುತ್ತಾರೆ, ನಾನೂ ಬೇಡವೆನ್ನುವುದಿಲ್ಲ. ಆದರೆ ಯಾರಿಗೂ ಹೇಳದ ಒಂದು ವಿಷಯವಿತ್ತು. ನಾನು ಗುರುತನ್ನು ಆಗಿಂದಾಗಲೇ ಹಾಕುವವಳಲ್ಲ. ಕೈ ಒದ್ದೆಯಿರುತ್ತದೆ, ಕನ್ನಡಕ ಎಲ್ಲೋ ಇರುತ್ತದೆ. ಸಂಜೆ ಪಾತ್ರೆ ತೊಳೆದಾದ ಮೇಲೆ ಕನ್ನಡಕ ಏರಿಸಿ, ಇಡೀ ದಿನದ್ದನ್ನು ಒಟ್ಟಿಗೆ ಬರೆಯುತ್ತೇನೆ. ಮನೆಯಲ್ಲಿ ಸೂಜಿ ಹಾಕುವವಳು ನಾನೊಬ್ಬಳೇ ಆದ್ದರಿಂದ ಇದರಿಂದ ಎಂದೂ ತೊಂದರೆ ಆಗಿರಲಿಲ್ಲ.

ಅವ್ವನ ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ಅವಳು ಎರಡು ತಿಂಗಳು ಕಡೂರಿನಲ್ಲಿ ಅಣ್ಣನ ಮನೆ, ಎರಡು ತಿಂಗಳು ನಮ್ಮ ಮನೆ, ಈ ಸಲದಿಂದ ಎರಡು ತಿಂಗಳು ತರೀಕೆರೆಯಲ್ಲಿ ತಂಗಿ ಗಿರಿಜಳ ಮನೆ, ಹೀಗೆ ಇರುತ್ತಾಳೆ. ಇದಕ್ಕೆ ಅವಳದ್ದೇ ಕಟ್ಟಳೆಗಳಿವೆ. "ನನ್ನನ್ನ ಬಸ್ ಹತ್ತಿಸಿ ಕಳಿಸ್ಬೇಡಿ. ನಾನೇನು ತೆಂಗಿನಕಾಯಿ ಮೂಟೆ ಅಲ್ಲ. ಬೇಕಾದವ್ರು ಬಂದು ಕರ್ಕೊಂಡು ಹೋಗಿ" ಎಂಬುದು ಮೊದಲನೆಯದು. ಕರೆದೊಯ್ಯಲು ಬಂದವರು ಒಂದು ರಾತ್ರಿ ಉಳಿಯಬೇಕೆಂಬುದು ಎರಡನೆಯದು. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಹೊರಡುವ ದಿನ ಬೆಳಿಗ್ಗೆ ಅವಳ ತಟ್ಟೆಯಲ್ಲಿ ಕಳಿಸುವ ಮನೆಯದೊಂದು, ಕರೆದೊಯ್ಯುವ ಮನೆಯದೊಂದು, ಎರಡೂ ಇರಬೇಕು. ಎರಡರಿಂದಲೂ ಒಂದೊಂದು ತುತ್ತು ತಿಂದು, "ಈ ಮನೆ ಋಣನೂ ಆಯ್ತು, ಆ ಮನೆ ಅಗುಳೂ ಆಯ್ತು" ಎಂದು ಏಳುತ್ತಾಳೆ. ಅದಕ್ಕೇ ಗಿರಿಜ ತರೀಕೆರೆಯಿಂದ ಬರುವಾಗ ಡಬ್ಬಿ ತುಂಬ ಕಡುಬು ತಂದಿದ್ದಳು.

ಈ ಸಲ ಅವ್ವನಿಗೆ ತನ್ನ ಕಟ್ಟಳೆಗೆ ಆಕಾಶದಿಂದಲೇ ಬೆಂಬಲ ಸಿಕ್ಕಿತ್ತು. ದಿನಾ ಮಧ್ಯಾಹ್ನ ನಾನು ಅವಳಿಗೆ ಪೇಪರು ಓದಿ ಹೇಳುತ್ತೇನೆ. ಅದರಲ್ಲಿ ಬಂದಿತ್ತು: ಭೂಮಿ ಸುತ್ತುವ ಆ ಬಾಹ್ಯಾಕಾಶ ನಿಲ್ದಾಣಕ್ಕೆ ಈಗ ಜನರನ್ನು ಹೊತ್ತ ಮೂರು ನೌಕೆಗಳು ಏಕಕಾಲಕ್ಕೆ ಅಂಟಿಕೊಂಡಿವೆ, ಒಳಗೆ ಒಟ್ಟು ಹನ್ನೊಂದು ಜನರಿದ್ದಾರೆ, ಅವರಲ್ಲಿ ನಮ್ಮ ದೇಶದವರೂ ಒಬ್ಬರು. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಒಂದೇ ಮನೆ ಮುಂದೆ ಮೂರು ಗಾಡಿ ನಿಲ್ಸವ್ರೆ ಅನ್ನು."

"ಹೂಂ ಅವ್ವ. ಹೊಸಬರು ಬಂದು ಎಲ್ಲ ತಿಳಿದುಕೊಂಡ ಮೇಲೇನೇ ಹಳಬರು ಹೊರಡೋದಂತೆ."

"ನೋಡ್ದಾ? ನಾನು ಹೇಳಿದ್ರೆ ಮುದುಕಿ ಹಟ ಅಂತೀರ. ಅಲ್ಲೂ ಮನೆ ಬರಿದು ಮಾಡಂಗಿಲ್ಲ. ಮಲಗಕ್ಕೆ ಜಾಗ ಐತಂತಾ ಅಷ್ಟು ಜನಕ್ಕೆ?"

"ಇಲ್ಲವಂತೆ. ಕೆಲವರು ಗೋಡೆಗೆ ಚೀಲ ಕಟ್ಟಿಕೊಂಡು ಅದರೊಳಗೆ ಮಲಗ್ತಾರಂತೆ."

"ಪಾಪ. ಬಚ್ಚಲು?"

ಬಚ್ಚಲಿನ ವಿಷಯ ಪೇಪರಿನವರು ಬರೆದಿರಲಿಲ್ಲ. ಅವ್ವ ಅಂದಿನಿಂದ ಮುಸ್ಸಂಜೆಗೆ ಅಂಗಳದಲ್ಲಿ ಕುಳಿತು ಆಕಾಶ ನೋಡತೊಡಗಿದಳು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ಯಾರಾದರೂ ಪ್ರಶ್ನೆ ಕೇಳಿದರೆ ಸಾಕು ಎಂದು ಕಾಯುತ್ತಿರುತ್ತಾರೆ. ಅವರು ಹೊತ್ತು, ದಿಕ್ಕು ನೋಡಿ ಅತ್ತೆಗೆ ಅದನ್ನು ತೋರಿಸಿಯೂ ಬಿಟ್ಟರು. ಮಿನುಗದ ಒಂದು ಚುಕ್ಕಿ ಸದ್ದಿಲ್ಲದೆ ದಾಟಿಹೋಯಿತು. ಅವ್ವ ಕೈಮುಗಿದಳು.

ಆ ಶನಿವಾರ ಅವ್ವನನ್ನು ಕರೆದೊಯ್ಯಲೆಂದು ಗಿರಿಜ, ಅವಳ ಗಂಡ ಮತ್ತು ಇಬ್ಬರು ಮಕ್ಕಳು ತಮ್ಮ ಆಟೋದಲ್ಲಿ ಬಂದಿಳಿದರು. ಗಿರಿಜಳ ಗಂಡ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾರೆ. ಅವ್ವನನ್ನು ಒಮ್ಮೆ ನೋಡಿಹೋಗೋಣವೆಂದು ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು ಕಡೂರಿನಿಂದ ವ್ಯಾನಿನಲ್ಲಿ ಮೊದಲೇ ಬಂದಿದ್ದರು. ನಾವಿಬ್ಬರು, ಅವ್ವ ಒಬ್ಬಳು. ನಮ್ಮ ಸಂದಿಯಲ್ಲಿ ಒಳಗೆ ವ್ಯಾನು, ಅದರ ಹಿಂದೆ ಆಟೋ, ಅದರ ಹಿಂದೆ ಅಡ್ಡಕ್ಕೆ ನಮ್ಮ ಸ್ಕೂಟರು. ಅವ್ವ ಬೆರಳು ಮಡಿಸಿ ಎಣಿಸಿ, "ಮೂರು ಗಾಡಿ, ಹನ್ನೊಂದು ಜನ! ಸರಿಯಾಗಿ ಹೊಂದ್ತು ಕಣ್ರೋ!" ಎಂದು ಕೂಗಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಕಂಡು ವರ್ಷಗಳಾಗಿದ್ದವು.

ಇನ್ನು ಭಾನುವಾರಕ್ಕೆ ಬರುತ್ತೇನೆ. ಸೂಜಿ ಹಾಕಿದ ಅರ್ಧ ಗಂಟೆಗೆ ಅವ್ವ ಏನಾದರೂ ತಿನ್ನಲೇಬೇಕು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಆಗದೆ ಅವಳು ನೀರನ್ನೂ ಮುಟ್ಟುವುದಿಲ್ಲ. ಬೇರೆ ದಿನಗಳಲ್ಲಿ ಇದು ಗಡಿಯಾರದಂತೆ ನಡೆಯುತ್ತದೆ. ಆದರೆ ಅಂದು ಅಣ್ಣನ ಇಬ್ಬರು ಹೆಣ್ಣುಮಕ್ಕಳದೂ ತಲೆಸ್ನಾನ. ಒಂದೊಂದು ಜಡೆಯೂ ಮೊಣಕಾಲು ಮುಟ್ಟುವಂಥದ್ದು. ನಾನು ಮೊಸರಿಗೆ ಹೋಗಿದ್ದಾಗ, ಅವ್ವನನ್ನು ಇನ್ನು ಮುಂದೆ ನೋಡಿಕೊಳ್ಳಬೇಕಾದವಳು ತಾನು ಎಂಬ ಕಾಳಜಿಯಿಂದ ಗಿರಿಜ ಕ್ಯಾಲೆಂಡರು ನೋಡಿದಳು. ಗುರುತಿಲ್ಲ. ಸೂಜಿ ಹಾಕುವುದನ್ನು ಅವಳು ಈಚೆಗಷ್ಟೇ ಕಲಿತಿದ್ದಳು. ಆದರೂ ನನ್ನ ಕಾನೂನಿನಂತೆ ಯಾರನ್ನೂ ಕೇಳದೆ, ಅಳತೆ ಎರಡು ಸಲ ನೋಡಿ, ಅವ್ವನಿಗೆ ಇನ್ನೊಂದು ಸೂಜಿ ಚುಚ್ಚಿದಳು.

ನಾನು ಮೊಸರು ತಂದೆ. ಹೆಣ್ಣುಮಕ್ಕಳು ಬಚ್ಚಲಿನಿಂದ ಹೊರಬಂದ ಕ್ಷಣದಲ್ಲೇ ನಮ್ಮ ಮನೆಯವರು, "ಎರಡೇ ನಿಮಿಷ" ಎಂದು ನುಸುಳಿದರು. ಅವ್ವ ಪಡಸಾಲೆಯಲ್ಲಿ ಬಟ್ಟೆ ಹಿಡಿದು ಕುಳಿತೇ ಇದ್ದಳು. ಮೈ ಬೆವರುತ್ತಿತ್ತು. ಸೆಕೆಯೆಂದುಕೊಂಡೆ. ಎಂಟು ದಾಟಿದ ಮೇಲೆ ಅವಳು ನನ್ನನ್ನು ಕರೆದಳು. ನನ್ನ ಹೆಸರಿನಿಂದಲ್ಲ, ಎಂದೋ ತೀರಿಹೋದ ತನ್ನ ಅಕ್ಕನ ಹೆಸರಿನಿಂದ. ನಾಲಿಗೆ ತೊದಲುತ್ತಿತ್ತು. ಶುಗರ್ ನೋಡುವ ಮಿಷನ್ನಿನಲ್ಲಿ ನಾನು ಹಿಂದೆಂದೂ ಕಾಣದಷ್ಟು ಸಣ್ಣ ಅಂಕಿ ಬಂತು. ಸಕ್ಕರೆನೀರು ಬಾಯಿಗೆ ಹಿಡಿದರೆ ತಲೆ ಅಲ್ಲಾಡಿಸಿ, "ಪೂಜೆ... ಆಗಿಲ್ಲ" ಎಂದಳು. ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಜನ್ಮದಲ್ಲಿ ಮೊದಲ ಸಲ ಅವ್ವನ ನೇಮ ಕೆಡಿಸಿದವಳು ನಾನು.

ಆಸ್ಪತ್ರೆಗೆ ಹೊರಡಬೇಕು. ವ್ಯಾನಿಗೆ ಆಟೋ ಅಡ್ಡ, ಆಟೋಗೆ ಸ್ಕೂಟರು ಅಡ್ಡ, ಸ್ಕೂಟರಿನ ಬೀಗದ ಕೈ ನಮ್ಮ ಮನೆಯವರ ಅಂಗಿ ಜೇಬಿನಲ್ಲಿ, ಅಂಗಿ ಬಚ್ಚಲಿನೊಳಗೆ. ಅಣ್ಣ ಬಾಗಿಲು ಬಡಿದು, "ಭಾವ, ಬೇಗ ಕೀ ಕೊಡ್ರೀ!" ಎಂದರೆ ಒಳಗಿನಿಂದ, "ಮೈಗೆಲ್ಲ ಸೋಪು ಹಚ್ಚಿದೀನಿ ಕಣ್ರೀ!" ಎಂಬ ಉತ್ತರ. ಕೊನೆಗೆ ಗಿರಿಜಳ ಗಂಡ, "ಇತ್ತ ಹಿಡಿ ಭಾವಾ" ಎಂದು ಅಣ್ಣನ ಜೊತೆ ಸೇರಿ ಸ್ಕೂಟರನ್ನು ಕುರಿಮರಿಯಂತೆ ಎತ್ತಿ ಪಕ್ಕಕ್ಕಿಟ್ಟರು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಿದರು. ಡಾಕ್ಟರಮ್ಮ, "ಸೂಜಿ ಕೊಟ್ಟವರು ಯಾರು?" ಎಂದಾಗ ಗಿರಿಜಳೂ ನಾನೂ ಒಟ್ಟಿಗೆ, "ನಾನು" ಎಂದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಸರಿಯಾದ ಹೊತ್ತಿಗೆ ಸಕ್ಕರೆ ಕುಡಿಸಿದೀರ. ಇಲ್ಲದಿದ್ದರೆ..." ಎಂದು ನಿಲ್ಲಿಸಿದರು. ಹೊರಗಿನ ಬೆಂಚಿನಲ್ಲಿ ಅಣ್ಣ ಗಿರಿಜಳ ಮೇಲೆ ತಿರುಗಿದ.

"ಕೇಳಿ ಕೊಡಕ್ಕೆ ಏನಾಗಿತ್ತೇ ನಿಂಗೆ?"

"ಕ್ಯಾಲೆಂಡರ್ ನೋಡ್ದೆ ಅಣ್ಣ. ಗುರುತಿರ್ಲಿಲ್ಲ."

"ಮಂಗಳ ಗುರುತು ಹಾಕ್ದೆ ಬಿಡ್ತಾಳೇನೇ? ಬೆಕ್ಕು ಮರಿ ಹಾಕಿದ್ನೂ ಬರ್ಕೊಳ್ಳೋಳು ಅವ್ಳು. ನೀನೇ ನಾಳೆ ತಾರೀಖಿನ ಮನೆ ನೋಡಿರ್ತೀಯ."

ಮಂಗಳ ಎಂದರೆ ನಾನು. ಬಾಯಿ ತೆರೆಯಲು ಅದೇ ಹೊತ್ತಾಗಿತ್ತು. ತೆರೆಯಲಿಲ್ಲ. ತಲೆ ಇನ್ನೂ ಒದ್ದೆಯಿದ್ದ ನಮ್ಮ ಮನೆಯವರು ಅಷ್ಟರಲ್ಲಿ ಬಂದು, "ಅಲ್ಲಿ, ನಿಲ್ದಾಣದಲ್ಲಿ, ಹೀಗಾಗಲ್ಲ. ಜನ ಹೆಚ್ಚಿದ್ದಷ್ಟೂ ಎಲ್ಲವನ್ನೂ ಬಾಯಿಬಿಟ್ಟು ಹೇಳಿ ವಹಿಸಿಕೊಡ್ತಾರೆ" ಎಂದು ಪಾಠ ಶುರುಮಾಡಿದರು. "ಭಾವ, ಆಕಾಶದ್ದು ಆಮೇಲೆ ನೋಡನ" ಎಂದ ಅಣ್ಣ. ಗಿರಿಜ ಸೆರಗಿನ ತುದಿ ಸುರುಳಿ ಸುತ್ತುತ್ತ, "ನನ್ನ ಕೈಲಿ ಆಗಲ್ಲ. ಅವ್ವನ್ನ ನಾನು ಕರ್ಕೊಂಡು ಹೋಗಲ್ಲ. ಏನಾರ ಹೆಚ್ಚುಕಡಿಮೆ ಮಾಡ್ಬಿಡ್ತೀನಿ" ಎಂದಳು. ಎಲ್ಲಕ್ಕಿಂತ ಚಿಕ್ಕವಳೆಂದು ಅವಳ ಕೈಗೆ ನಾವು ಎಂದೂ ದೊಡ್ಡ ಕೆಲಸ ಕೊಟ್ಟವರಲ್ಲ. ಅವ್ವನನ್ನು ತಾನೂ ನೋಡಿಕೊಳ್ಳುತ್ತೇನೆಂದು ಜಗಳವಾಡಿ ಪಡೆದುಕೊಂಡ ಎರಡು ತಿಂಗಳು ಅದು.

ಹೊತ್ತು ಏರುವಷ್ಟರಲ್ಲಿ ಅವ್ವನಿಗೆ ಮಾತು ನೆಟ್ಟಗಾಯಿತು. "ಒಂದು ಸಲ ಹಾಕಿಸಿಕೊಂಡಾಗಿತ್ತಲ್ಲ, ಗಿರಿಜಂಗೆ ಯಾಕವ್ವ ಹೇಳಲಿಲ್ಲ?" ಎಂದು ಕೇಳಿದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

"ಹೊರಡೋ ದಿನ ಅಲ್ವೇನೇ? ಎರಡೂ ಮನೆ ತುತ್ತು ತಿಂತೀನಿ. ಎರಡೂ ಮನೆ ಸೂಜಿನೂ ಇರ್ತದೇನೋ ಅನ್ಕೊಂಡೆ. ನಿಂದು ಹಾಕಿಸ್ಕೊಂಡು ಅವ್ಳದು ಬ್ಯಾಡ ಅಂದ್ರೆ ಅವ್ಳಿಗೆ ಬೇಜಾರಾಗಲ್ವಾ?"

ಅತ್ತಿಗೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ.

ಅವ್ವನಿಗೆ ಗಂಜಿ ತರಲೆಂದು ನಾನೊಬ್ಬಳೇ ಮನೆಗೆ ಬಂದೆ. ಗಂಜಿ ಬೇಯುವಷ್ಟು ಹೊತ್ತು ಕ್ಯಾಲೆಂಡರಿನ ಎದುರು ನಿಂತೆ. ಆ ದಿನದ ಮನೆ ಬೆಳ್ಳಗಿತ್ತು. ದಾರದಲ್ಲಿ ಪೆನ್ನು ತೂಗುತ್ತಿತ್ತು. ಕೊಟ್ಟದ್ದು ಹೌದು, ಹೊತ್ತಿಗೆ ಸರಿಯಾಗಿಯೇ ಕೊಟ್ಟದ್ದು, ಗುರುತು ಸುಳ್ಳೇನೂ ಆಗುವುದಿಲ್ಲವಲ್ಲ ಎಂದು ನನಗೆ ನಾನೇ ವಕಾಲತ್ತು ಹಾಕಿಕೊಂಡೆ. ಕನ್ನಡಕವನ್ನೂ ಹುಡುಕಲಿಲ್ಲ. ನೀಲಿ ಗುರುತು ಎಳೆದೆ. ಇಷ್ಟು ವರ್ಷಗಳಲ್ಲಿ ಹಗಲು ಹೊತ್ತಿನಲ್ಲಿ ನಾನು ಹಾಕಿದ ಮೊದಲನೆಯ ಗುರುತು ಅದು.

ಮಧ್ಯಾಹ್ನ ಮೂರಕ್ಕೆ ಅವ್ವನನ್ನು ಮನೆಗೆ ಕಳಿಸಿದರು, ಇವತ್ತೊಂದು ದಿನ ಕಣ್ಣಿಟ್ಟಿರಿ ಎಂದು. ಅವಳನ್ನು ಮಲಗಿಸಿದ್ದೇ ಅಣ್ಣ ಗಿರಿಜಳನ್ನು ಅಡುಗೆಕೋಣೆಯ ಬಾಗಿಲಿಗೆ ಕರೆದ. "ನೋಡಿಲ್ಲಿ. ಏನಿದು? ಗುರುತಿಲ್ಲ ಅಂದ್ಯಲ್ಲ?" ಗಿರಿಜ ಹತ್ತಿರ ಹೋದಳು. ಬೆರಳಿಟ್ಟು ತಾರೀಖು ಓದಿಕೊಂಡಳು. ಅವಳು ವಾದಿಸಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅವಳು ವಾದಿಸಲಿಲ್ಲ. ತನ್ನ ಕಣ್ಣನ್ನೇ ಎರಡು ಸಲ ಉಜ್ಜಿಕೊಂಡು, "ಹೌದಣ್ಣ, ಐತೆ. ನನ್ ಕಣ್ಣಿಗೇನಾಗಿತ್ತೋ" ಎಂದಳು.

"ಕಣ್ಣಿಗೇನೂ ಆಗಿಲ್ಲ" ಎಂದೆ. "ಬೆಳಿಗ್ಗೆ ಅದು ಇರಲಿಲ್ಲ. ಆಗಲೇ ಗಂಜಿಗೆ ಬಂದಾಗ ನಾನು ಹಾಕಿದ್ದು." ಆಮೇಲೆ ದಿನದ್ದನ್ನೆಲ್ಲ ಸಂಜೆ ಒಟ್ಟಿಗೆ ಬರೆಯುವ ನನ್ನ ಪದ್ಧತಿಯನ್ನೂ ಹೇಳಿದೆ. ಅಣ್ಣ ಹೊರಗೆ ಹೋಗಿ ವ್ಯಾನಿನ ಗಾಜು ಒರೆಸತೊಡಗಿದ. ಅದು ಅವನ ಸಿಟ್ಟು. ಗಿರಿಜ ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಆಸ್ಪತ್ರೇಲೇ ಹೇಳ್ಬೋದಿತ್ತಲ್ಲಕ್ಕಾ" ಎಂದಳು, ಅಷ್ಟೇ. ಆಮೇಲೆ ಅವಳೇ, "ಸಂಜೆ ಸೂಜಿ ಎಷ್ಟಕ್ಕೆ ಹಾಕು ಅಂದ್ರು ಡಾಕ್ಟ್ರು?" ಎಂದು ಕೇಳಿದಳು.

"ಇವತ್ತು ಬೇಡ ಅಂದಿದಾರೆ."

"ನಾಳೆ ಬೆಳಿಗ್ಗೆದು ನಾನು ಹಾಕ್ತೀನಿ. ನೀನು ಪಕ್ಕದಲ್ಲಿ ನಿಂತಿರು. ಆಮೇಲೆ ಹೊರಡ್ತೀವಿ." ಒಳಗೆ ಮಲಗಿದ್ದ ಅವ್ವ, "ಕಡುಬು ಹಳಸೀತು ಕಣೇ" ಎಂದು ಕೂಗಿದಳು.

ಏಳು ಗಂಟೆಗೆ ಊಟಕ್ಕೆ ಕುಳಿತೆವು. ಅವ್ವನಿಗೆ ಗಂಜಿ, ಅರ್ಧ ಕಡುಬು. ಉಳಿದವರಿಗೆ ಬೆಳಿಗ್ಗೆಯ ಉಪ್ಪಿಟ್ಟನ್ನೇ ಬಿಸಿ ಮಾಡಿದ್ದು, ಕಡುಬು, ಹುರುಳಿಕಾಳಿನ ಸಾರು, ಮೊಸರು. ಅಣ್ಣ ಮೂರು ಸಲ ಮೊಸರು ಹಾಕಿಸಿಕೊಂಡ, ಕೊನೆಯ ಸಲ ನನ್ನ ಮುಖ ನೋಡಿ. ಅವ್ವನ ಬಳಿ ಸರದಿಯಂತೆ ಎಚ್ಚರವಾಗಿರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ನನ್ನದೆಂದು ನಾನೇ ಹಟ ಹಿಡಿದೆ, ನನ್ನಿಂದಾದದ್ದಕ್ಕೆ ಅಷ್ಟಾದರೂ ಮಾಡಬೇಡವೇ ಎಂದು. ಗೋಡೆಗೊರಗಿ, ಅವ್ವನ ಕೈ ಹಿಡಿದು ಕುಳಿತೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ ಅಂತೆ, ಇನ್ನೂ ಎಂಟೂವರೆಯೂ ಆಗಿರಲಿಲ್ಲವಂತೆ. ಗಿರಿಜ ಎಬ್ಬಿಸಲು ಬಂದರೆ, ಹಾಸಿಗೆಯ ಮೇಲೆ ಎದ್ದು ಕುಳಿತಿದ್ದ ಅವ್ವ ತನ್ನ ಹೊದಿಕೆಯನ್ನು ನನಗೆ ಹೊದಿಸಿ, "ಶ್! ನಾನು ನೋಡ್ಕೊತಿದೀನಿ, ನೀನು ಹೋಗಿ ಮಲ್ಕೋ" ಎಂದಳಂತೆ.