ಹೆಂಡತಿಯ ಜೊತೆ ಒನ್ ಟು ಒನ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರುಗಳಿಗೆ ಇಂಗ್ಲಿಷ್ ಮಾತಾಡಲು ಕಲಿಸುವುದು ನನ್ನ ಹೊಟ್ಟೆಪಾಡು. "ಇನ್ ಪರ್ಸನ್ ಅಂದ್ರೆ ಫೋನಲ್ಲಲ್ಲ, ಖುದ್ದಾಗಿ. ಫೇಸ್ ಟು ಫೇಸ್ ಅಂದ್ರೆ ಎದುರುಬದುರು, ಸುತ್ತ ಹತ್ತು ಜನ ಇದ್ರೂ ಪರವಾಗಿಲ್ಲ. ಒನ್ ಟು ಒನ್ ಅಂದ್ರೆ ಇಬ್ಬರೇ. ಹಾರ್ಟ್ ಟು ಹಾರ್ಟ್ ಅಂದ್ರೆ ಮನಸ್ಸು ಬಿಚ್ಚಿ," ಎಂದು ನಾನು ಬೋರ್ಡಿನ ಮುಂದೆ ನಿಂತು ವಿವರಿಸಿದರೆ ಯಾರಿಗೂ ಸಂಶಯ ಉಳಿಯುವುದಿಲ್ಲ. ಈ ವಿಷಯದಲ್ಲಿ ನಾನು ಪಂಡಿತ!

ಪಂಡಿತರ ಮನೆ ಬೆಂಗಳೂರಿನ ಇನ್ನೊಂದು ತುದಿಯ ಹೂಡಿಯಲ್ಲಿ. ಬೆಳಗ್ಗೆ ನಾನು ಹೊರಡುವಾಗ ಹೆಂಡತಿ ಶೈಲಾ ನೈಟ್ ಶಿಫ್ಟ್ ಮುಗಿಸಿ ಬಂದು ಮುಸುಕೆಳೆದಿರುತ್ತಾಳೆ. ಸಂಜೆ ಟ್ರಾಫಿಕ್ಕನ್ನೆಲ್ಲ ಈಜಿ ನಾನು ಮನೆ ಸೇರುವಷ್ಟರಲ್ಲಿ ಆಫೀಸಿನ ಕ್ಯಾಬು ಅವಳನ್ನು ಒಯ್ದಿರುತ್ತದೆ. ನನಗೆ ಉಳಿಯುವುದು ಮುಚ್ಚಿಟ್ಟ ತಟ್ಟೆ, ಕನ್ನಡಿಗೆ ಅಂಟಿಸಿದ ಅವಳ ಬೊಟ್ಟು, "ಸಾರು ಬಿಸಿ ಮಾಡ್ಕೊಳ್ಳಿ" ಎಂಬ ಮೆಸೇಜು. ಒಂದೇ ಮನೆಯಲ್ಲಿದ್ದೂ ಹೆಂಡತಿ ನೆನಪಾಗುತ್ತಾಳೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಅವಳ ಹತ್ತಿರವೇ ಹೇಳೋಣವೆಂದು ಒಂದು ಮೆಸೇಜ್ ಕಳಿಸಿದೆ. "ಭಾನುವಾರ ಸಂಜೆ ನಿನ್ನ ಜೊತೆ ಒನ್ ಟು ಒನ್ ಮಾತಾಡಬೇಕು. ಯಾರಿಗೂ ಹೇಳಬೇಡ."

ಅವಳ ಆಫೀಸಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯುವ ಮುಂಚೆ ಹೀಗೇ ಕರೆಯುತ್ತಾರಂತೆ! "ಏನಾಯ್ತು ರೀ?" ಎಂದು ತಕ್ಷಣ ಉತ್ತರ ಬಂತು. ಸಮಾಧಾನ ಮಾಡಲು ಬರೆದೆ: "ಹೆದರಬೇಡ. ಫೋನಿನಲ್ಲಿ ಹೇಳುವಂಥದ್ದಲ್ಲ. ಎದುರಿಗೇ ಹೇಳುತ್ತೇನೆ."

ಆಮೇಲೆ ಉತ್ತರವೇ ಬರಲಿಲ್ಲ. ಒಪ್ಪಿದಳು ಎಂದುಕೊಂಡೆ.

ಇನ್ನು ಜಾಗ ಬೇಕಲ್ಲ? ಓನರ್ ಮುನಿಯಪ್ಪನವರ ಹತ್ತಿರ ಟೆರೇಸಿನ ಬೀಗದ ಕೈ ಕೇಳಿದೆ. ಯಾಕೆ ಎಂದರು. "ಮನೆಯವರ ಜೊತೆ ಸ್ವಲ್ಪ ಪ್ರೈವೇಟಾಗಿ ಮಾತಾಡೋದಿದೆ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೀ ಕೊಟ್ಟರು.

ಭಾನುವಾರ ಟೆರೇಸಿನಲ್ಲಿ ಚಾಪೆ ಹಾಸಿ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಮದುಮಗನಂತೆ ಕಾದೆ. ಶೈಲಾ ಬಂದಳು. ಅವಳ ಹಿಂದೆ, ದಾವಣಗೆರೆಯಿಂದ ಬಸ್ ಹತ್ತಿ ಆಗಷ್ಟೇ ಬಂದಿಳಿದ ಅವಳ ಅಕ್ಕ ಗಿರಿಜಕ್ಕ! ಅವರ ಹಿಂದೆ, ಎರಡು ಕುರ್ಚಿ ಹೊತ್ತ ಮುನಿಯಪ್ಪ! ಪಂಚಾಯ್ತಿ ಸೇರಿತು.

"ನಮ್ಮ ಶೈಲಾ ಏನ್ ತಪ್ಪು ಮಾಡ್ಯಾಳ್ರಿ? ಎಲ್ಲರ ಮುಂದನ ಹೇಳಿಬಿಡ್ರಿ," ಎಂದರು ಗಿರಿಜಕ್ಕ.

"ಓದ್ದೋರು ನೀವೇ ಇಂಗ್ ಮಾಡುದ್ರೆ ಎಂಗೆ ಸಾರ್?" ಎಂದು ಮುನಿಯಪ್ಪ ದನಿಗೂಡಿಸಿದರು. "ಗಂಡ ಎಂಡ್ತಿ ಅಂದ್ಮೇಲೆ ಒಂದ್ ಮಾತು ಬತ್ತದೆ, ಓಯ್ತದೆ."

"ಅಯ್ಯೋ, ಸುಮ್ನೆ ಮಾತಾಡೋಣ ಅಂತ ಕರೆದೆ."

"ಏನು ವಿಷಯ?" ಎಂದಳು ಶೈಲಾ.

"ವಿಷಯ ಏನೂ ಇಲ್ಲ!"

ಒಬ್ಬರೂ ನಂಬಲಿಲ್ಲ. ವಿಷಯವಿಲ್ಲದೆ ಯಾವ ಗಂಡ ಹೆಂಡತಿಯನ್ನು ಮಾತಿಗೆ ಕರೆಯುತ್ತಾನೆ? ಶೈಲಾಳ ಕಣ್ಣು ಅತ್ತು ಕೆಂಪಾಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನೆನಪಾಗ್ತಾಳೆ ಕಣ್ರೀ! ದಿನಾ ನೆನಪಾಗ್ತಾಳೆ!" ಎಂದು ಕೂಗಿಬಿಟ್ಟೆ. ಪಕ್ಕದ ಬಿಲ್ಡಿಂಗಿನಲ್ಲಿ ಬಟ್ಟೆ ಒಣಗಿಸುತ್ತಿದ್ದವರೂ ತಿರುಗಿ ನೋಡಿದರು.

ಮುನಿಯಪ್ಪ ಕುರ್ಚಿ ಎತ್ತಿಕೊಂಡು ಇಳಿದರು. ಗಿರಿಜಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡು ಅವರ ಹಿಂದೆ ಹೋದರು. ಶೈಲಾ ನನ್ನ ಪಕ್ಕ ಕೂತು, ಹೆಗಲಿಗೆ ತಲೆ ಇಟ್ಟು, "ಈಗ ಹೇಳಿ," ಎಂದಳು.

ಹೇಳಿದೆ. ಖಾಲಿ ಮನೆಯ ಬೀಗ ತೆಗೆಯುವಾಗ ಏನಾಗುತ್ತದೆ, ಅವಳ ದಿಂಬಿನ ಕಡೆ ಮುಖ ಮಾಡಿ ಯಾಕೆ ಮಲಗುತ್ತೇನೆ, ಎಲ್ಲ ಹೇಳಿದೆ. ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದೇ ಇಲ್ಲ. ಕೊನೆಗೆ ಅವಳ ಮುಖ ನೋಡಿದೆ. ಸಣ್ಣಗೆ ಗೊರಕೆ!

ಎಬ್ಬಿಸಲು ಮನಸ್ಸಾಗಲಿಲ್ಲ. ತೋಳು ಜೋಮು ಹಿಡಿದರೂ ಅಲ್ಲಾಡದೆ ಕೂತೆ. ತುಂಬ ಹೊತ್ತಿನ ಮೇಲೆ ಅವಳು ಅರೆಗಣ್ಣು ತೆರೆದಳು.

"ಏನೋ ಹೇಳ್ತಿದ್ರಲ್ಲ, ಏನು?"

"ಏನಿಲ್ಲ, ಮಲ್ಕೋ," ಎಂದೆ. ಅದನ್ನೆಲ್ಲ ಇನ್ನೊಂದು ಸಲ ಹೇಳುವಷ್ಟು ಧೈರ್ಯ ಪಂಡಿತರಿಗೆ ಇರಲಿಲ್ಲ.