ಬೀಗರಿಗೆ ನಾನು ಕೊಟ್ಟ ಇಂಗ್ಲಿಷ್ ಬಿರುದು

ಇಂಗ್ಲಿಷ್ ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನು ಎಂದೋ ಕಲಿತುಬಿಡುತ್ತಿದ್ದೆ. ಇದು ಕಲಿಕೆಯ ಮೊದಲ ವಾರ ನಾನು ಮನೆಯಲ್ಲಿ ಆಡಿದ ಮಾತು. ಹೆಂಡತಿ ಗಿರಿಜಾ ಆಗಲೇ ನಿಟ್ಟುಸಿರು ಬಿಟ್ಟಿದ್ದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಸಿಂಧನೂರಿನಲ್ಲಿ ನನ್ನದೊಂದು ಬಾಂಡೆ ಅಂಗಡಿ. ಕೊಡ, ಪರಾತ, ತಂಬಿಗೆ, ಕುಕ್ಕರಿನ ರಬ್ಬರು ಮಾರಿಕೊಂಡು ಇಷ್ಟು ವರ್ಷ ಕನ್ನಡದಲ್ಲೇ ಸುಖವಾಗಿದ್ದೆ. ಸುಖ ಕೆಟ್ಟದ್ದು ಮಗಳು ಶಿವಲೀಲಾಳ ಮದುವೆ ಗೊತ್ತಾದ ಮೇಲೆ. ಹುಡುಗ ಮಲ್ಲಿಕಾರ್ಜುನ, ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಹಿಂದೆ ಬಂದ ವರಗಳನ್ನೆಲ್ಲ ಮುಖ ಗಂಟಿಕ್ಕಿಕೊಂಡು ಸಾಗಹಾಕಿದ್ದ ಮಗಳು ಇವನು ಬಂದುಹೋದ ದಿನ ಯಾರೂ ಹೇಳದೆ ಚಹಾದ ಕಪ್ಪುಗಳನ್ನು ತೊಳೆದಿಟ್ಟಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ. ಅಂಥ ಅಳಿಯನ ಮುಂದೆ ಮಾವನಾದವನು ಬರೀ 'ಎಸ್', 'ನೋ', 'ಥ್ಯಾಂಕ್ಯೂ' ಎಂದು ಕೂತರೆ ಮರ್ಯಾದೆ ಏನಾಯಿತು?

ಮೊಬೈಲಿನಲ್ಲಿ ಒಬ್ಬ ಮಾಸ್ತರು ಸಿಕ್ಕರು. ಅವರ ಉಪದೇಶ ಸರಳ. ಕಠಿಣ ಪದಗಳನ್ನು ಬಾಯಿಪಾಠ ಮಾಡಬೇಡಿ. ದಿನಬಳಕೆಯ ವಾಕ್ಯದಲ್ಲಿ ಇಟ್ಟು ಜೋರಾಗಿ ಹೇಳಿ. ನಿಮಗೆ ಗೊತ್ತಿರುವ ಜನರಿಗೇ ಹೊಂದಿಸಿ. ಆಮೇಲೆ ಸಾಯುವ ತನಕ ಆ ಪದ ಮರೆಯುವುದಿಲ್ಲ. ಈ ಕೊನೆಯ ಮಾತು ಮಾತ್ರ ನಿಜವಾಯಿತು.

ಪ್ರಯೋಗ ಮನೆಯಿಂದಲೇ ಶುರುವಾಯಿತು. ಬದನೆಕಾಯಿ ಪಲ್ಯ 'ಎಕ್ಸ್‌ಕ್ವಿಸಿಟ್' ಎಂದೆ. ಬಲು ಸೊಗಸು ಎಂದರ್ಥ. ಉಪ್ಪು ಕಡಿಮೆಯಾಗಿದೆ ಎಂದು ತಿಳಿದು ಗಿರಿಜಾ ಮೇಲಿಂದ ಇನ್ನಷ್ಟು ಉಪ್ಪು ಉದುರಿಸಿದಳು. ಆ ಪಲ್ಯವನ್ನು ಪೂರ್ತಿ ನಾನೇ ತಿಂದೆ. ಮಾರನೆಯ ದಿನ ಅವಳನ್ನು 'ಇನ್‌ಡಿಸ್ಪೆನ್ಸಬಲ್' ಎಂದೆ. ಅವಳಿಲ್ಲದೆ ನಡೆಯುವುದಿಲ್ಲ ಎಂಬ ಅರ್ಥದಲ್ಲಿ. ಅವಳು ತವರಿಗೆ ಫೋನ್ ಹಚ್ಚಿ, ನನಗೆ ಏನೋ ಆಗಿದೆ ಎಂದು ತಿಳಿಸಿದಳು. ಹೀಗಾಗಿ ನನ್ನ ಪಾಠವನ್ನು ಅಂಗಡಿಗೆ ವರ್ಗಾಯಿಸಬೇಕಾಯಿತು.

ಅಂಗಡಿಯಲ್ಲಿ ನನ್ನ ತಲೆಯ ತುಂಬ ಇದ್ದವರು ಬೀಗರು. ಹುಡುಗನ ಅಪ್ಪ ಅಮರೇಗೌಡರು ಈಗಿರುವುದು ಲಿಂಗಸುಗೂರಿನಲ್ಲಾದರೂ, ಮದುವೆ ತಮ್ಮ ಮೂಲ ಊರು ಗುರುಗುಂಟಾದಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದರು. ಬಿಸಿಲು, ಬಸ್ಸು, ನಮ್ಮ ಕಡೆಯ ಮುದುಕರ ಮೊಣಕಾಲು, ಯಾವುದಕ್ಕೂ ಅವರು ಜಗ್ಗಲಿಲ್ಲ. ಅದೇ ದಿನದ ಪಾಠದಲ್ಲಿ ಹಟಮಾರಿ ಎನ್ನುವುದಕ್ಕೆ 'ಆಬ್‌ಸ್ಟಿನೇಟ್' ಎಂಬ ಪದ ಬಂತು. ದೇವರೇ ಕಳಿಸಿದಂತಿತ್ತು. ಮುಂದಿನ ಪದ 'ಗ್ಯಾರುಲಸ್', ಅಂದರೆ ಬಾಯಿ ಮುಚ್ಚದೆ ಮಾತಾಡುವವರು. ಅದನ್ನು ಬೀಗತಿ ಪಾರ್ವತೆಮ್ಮನವರಿಗೆ ಕೊಟ್ಟೆ. 'ಇಂಡೊಲೆಂಟ್', ಅಂದರೆ ಮೈಗಳ್ಳ. ನಿಶ್ಚಯದ ದಿನ ಊಟಕ್ಕೆ ಮಾತ್ರ ಎದ್ದು ಮತ್ತೆ ಮಲಗಿದ ಗೌಡರ ತಮ್ಮ ಚನ್ನಪ್ಪನವರನ್ನು ಬಿಟ್ಟರೆ ಅದು ಇನ್ನಾರಿಗೆ ಹೊಂದಬೇಕು?

ಕೊಡ ಒರೆಸುತ್ತ, "ಮೈ ಬೀಗ ಈಸ್ ಆಬ್‌ಸ್ಟಿನೇಟ್" ಎಂದು ಮೂರ್ನಾಲ್ಕು ಸಲ ರಾಗವಾಗಿ ಹೇಳಿ ತಿರುಗಿದೆ. ಬಾಗಿಲಲ್ಲಿ ಅಮರೇಗೌಡರು ನಿಂತಿದ್ದರು.

ಭತ್ತದ ವ್ಯಾಪಾರಕ್ಕೆಂದು ಊರಿಗೆ ಬಂದವರು ಬೀಗರನ್ನು ಮಾತಾಡಿಸಿಕೊಂಡು ಹೋಗೋಣ ಎಂದು ಬಂದಿದ್ದರಂತೆ. ಹೆಣ್ಣಿನ ಚಿಕ್ಕಪ್ಪ ಕೂತಲ್ಲಿಂದ ಏಳಲಿಲ್ಲ ಎಂಬ ಒಂದೇ ಕಾರಣಕ್ಕೆ ದೊಡ್ಡ ಮಗನಿಗೆ ಬಂದ ಸಂಬಂಧವೊಂದನ್ನು ಮುರಿದುಕೊಂಡು ಬಂದ ಮನುಷ್ಯ ಅವರು. ಕೊಡ ಒರೆಸುತ್ತಿದ್ದ ಬಟ್ಟೆಯಲ್ಲೇ ಅವರಿಗೊಂದು ಕುರ್ಚಿ ಒರೆಸಿದೆ.

"ಬೀಗರ, ನನ್ನ ಬಗ್ಗಿ ಏನೋ ಅನ್ನಾಕತ್ತಿದ್ರಿ. ಏನದು?"

"ಅದು... ಹಿಡಿದ ಕೆಲಸ ಬಿಡದವರು ಅಂತ್ರಿ. ಗಟ್ಟಿ ಮನುಷ್ಯ ಅಂತ."

ಗೌಡರ ಮೀಸೆ ಅರಳಿತು. ಸುಳ್ಳಂತೂ ಅಲ್ಲ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತು, ಮನೆಯವರಿಗೂ ತಮ್ಮನಿಗೂ ಇಂಥದೇ ಏನಾದರೂ ಇದೆಯೇ ಎಂದು ಕೇಳಿದರು. ಗಾಬರಿಯಲ್ಲಿ ಹೊಸ ಪದ ಎಲ್ಲಿಂದ ಬರಬೇಕು? ಬಾಯಲ್ಲಿ ಇದ್ದದ್ದೇ ಬಂತು. ಗ್ಯಾರುಲಸ್ ಎಂದರೆ ನಾಲ್ಕು ಮಂದಿಯನ್ನು ಪ್ರೀತಿಯಿಂದ ಮಾತಾಡಿಸುವ ಹೆಣ್ಣುಮಗಳು. ಇಂಡೊಲೆಂಟ್ ಎಂದರೆ ಯಾವುದಕ್ಕೂ ಅವಸರ ಮಾಡದ ಶಾಂತ ಮನುಷ್ಯ. ಗೌಡರು ಮೊಬೈಲನ್ನು ನನ್ನ ಕೈಗೆ ಕೊಟ್ಟು ಮೂರನ್ನೂ ಟೈಪ್ ಮಾಡಿಸಿಕೊಂಡರು. ಮಗನಿಗೆ ಮಾತ್ರ ಹೇಳಬೇಡಿ, ಅವನು ನೋಡಿ ಬೆರಗಾಗಬೇಕು ಎಂದು ಕಣ್ಣು ಮಿಟುಕಿಸಿ ಹೋದರು. ಎಲ್ಲಿ ನೋಡುತ್ತಾನೆ ಎಂದು ಕೇಳುವ ಬುದ್ಧಿ ನನಗಿರಲಿಲ್ಲ.

ಉತ್ತರ ನಾಲ್ಕೈದು ದಿನಗಳ ಮೇಲೆ ಮಸ್ಕಿಯಿಂದ ಬಂತು. ಅಲ್ಲಿ ಬ್ಯಾನರ್ ಮಾಡುವ ಅಂಗಡಿಯ ಖಾಜಾ ಎಂಬಾತ ಫೋನ್ ಮಾಡಿ, ಸ್ಪೆಲ್ಲಿಂಗ್ ನಿಮ್ಮನ್ನೇ ಕೇಳಲು ಗೌಡರು ಹೇಳಿದ್ದಾರೆ ಎಂದ. ನಮ್ಮ ಕಡೆ ಮದುವೆಯ ಬ್ಯಾನರ್ ಎಂದರೆ ಹೆಸರಿಗಿಂತ ಹೆಸರಿನ ಹಿಂದುಮುಂದಿನ ಬಿರುದು ದೊಡ್ಡದು. ಎಲ್ಲರೂ 'ಕೊಡುಗೈ ದಾನಿ' ಎಂದು ಹಾಕಿಸಿ ಆ ಬಿರುದೇ ಸವೆದುಹೋಗಿದೆ. ಹೀಗಾಗಿ ಗೌಡರು ಹೊಸದನ್ನು ಹುಡುಕುತ್ತಿದ್ದರಂತೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಲ್ಲಿ ಒಂದೊಂದು ಬ್ಯಾನರು. ಅದರ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಹಟಮಾರಿ, ದೊಡ್ಡ ಬಾಯಿಬಡಕಿ, ದೊಡ್ಡ ಮೈಗಳ್ಳ. ಕೆಳಗೆ, ತಮ್ಮ ಆಗಮನ ಬಯಸುವವನು ನಾನು.

ಅಂಗಡಿಯ ಬಾಗಿಲು ಎಳೆದು ಬಸ್ ಹತ್ತಿದೆ. ಮಸ್ಕಿಯವರೆಗೆ ನಿಂತೇ ಪ್ರಯಾಣ. ಗೌಡರ ಅವಸರಕ್ಕೆ ಲಿಂಗಸುಗೂರಿನ ಬ್ಯಾನರ್ ಮಾತ್ರ ಸ್ಪೆಲ್ಲಿಂಗ್ ಕೇಳುವ ಮೊದಲೇ, ಬೆಳಗ್ಗೆಯೇ ಹೋಗಿ ಕಟ್ಟಿಯೂ ಆಗಿದೆ ಎಂದು ಖಾಜಾ ಹೇಳಿದ. ಉಳಿದೆರಡನ್ನು ನಿಲ್ಲಿಸಪ್ಪ ಎಂದು ಕೈಮುಗಿದೆ.

"ಗೌಡ್ರ ಆರ್ಡರ್ ಐತ್ರಿ ಕಾಕಾ. ನೀವು ಅವರ ಕೂಡ ಮಾತಾಡ್ರಿ. ಅಲ್ಲೀತನ ಮಷಿನ್ ನಿಂದ್ರಸ್ತೀನಿ," ಎಂದ. ಪುಣ್ಯಾತ್ಮ.

ಮತ್ತೆ ಬಸ್ಸು, ಮತ್ತೆ ನಿಂತೇ. ಲಿಂಗಸುಗೂರು ಬಸ್ ಸ್ಟ್ಯಾಂಡಿನ ಎದುರಿಗೇ ನನ್ನ ಬೀಗರು ಆಳೆತ್ತರಕ್ಕೆ ನಗುತ್ತಿದ್ದರು, ತಲೆಯ ಮೇಲೆ ಬಂಗಾರದ ಬಣ್ಣದಲ್ಲಿ ಆ ಪದ. ಚನ್ನಪ್ಪನವರು ಫೋಟೋದಲ್ಲೂ ಅರ್ಧ ಕಣ್ಣು ಮುಚ್ಚಿದ್ದರು.

ಬೀಗರ ಮನೆಯಲ್ಲಿ ಪಾರ್ವತೆಮ್ಮನವರು ನೀರು ಕೊಡುವುದಕ್ಕೂ ನಾನು ಕುಡಿಯುವುದಕ್ಕೂ ನಡುವೆ ಇಡೀ ಓಣಿಯ ವರ್ತಮಾನ ಹೇಳಿ ಮುಗಿಸಿದರು. ಆಮೇಲೆ ನಾನು ಮೆಲ್ಲಗೆ ವಿಷಯ ತೆಗೆದೆ. ಆ ಪದಗಳು ಈಗ ಹಳತಾಗಿವೆ, ಶುಭಕಾರ್ಯಕ್ಕೆ ಕನ್ನಡವೇ ಲಕ್ಷಣ, ಬ್ಯಾನರ್ ಇಳಿಸಿ ಬೇರೆ ಹಾಕಿಸೋಣ ಎಂದು ಗೋಗರೆದೆ. ಖರ್ಚು ನನ್ನದೇ ಎಂದೂ ಹೇಳಿದೆ. ಗೌಡರು ಎಲ್ಲವನ್ನೂ ಶಾಂತವಾಗಿ ಕೇಳಿದರು.

"ಬೀಗರ, ಹಿಡಿದ ಕೆಲಸ ಬಿಡದವ ಅಂತ ನೀವ ಹೇಳೀರಿ. ಈಗ ಬಿಡು ಅಂದ್ರ ಹೆಂಗ ಬಿಡ್ಲಿ?"

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಲ್ಲಿಕಾರ್ಜುನ, ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರುತ್ತೇನೆ ಎಂದು ಬೈಕ್ ತೆಗೆದ. ಬ್ಯಾನರಿನ ಕೆಳಗೇ ತಂದು ನಿಲ್ಲಿಸಿದ. ನನ್ನ ಮಗಳು ತೊಳೆದಿಟ್ಟ ಕಪ್ಪುಗಳು ಕಣ್ಣ ಮುಂದೆ ಬಂದವು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಅಳ್ಯಾರ, ತಪ್ಪು ನಂದು. ಅಪ್ಪಾರಿಗೆ ಹೇಳಬ್ಯಾಡ್ರಿ. ನನ್ನ ಮಗಳು ಭಾಳ ಆಸಿ ಇಟ್ಕೊಂಡಾಳ."

ಅವನು ತಲೆಯೆತ್ತಿ ಬ್ಯಾನರನ್ನು ಒಂದು ಸಲ ಓದಿದ. "ನಾ ಹುಟ್ಟಿದಾಗಿಂದ ಇದನ್ನ ಮನ್ಯಾಗ ಹೇಳಬೇಕಂತಿದ್ದೆ ಮಾವಾರ. ಧೈರ್ಯ ಸಾಲಲಿಲ್ಲ. ನೀವು ಪ್ಯಾಟ್ಯಾಗ ಬರೆಸಿಬಿಟ್ರಿ."

ನನಗೆ ಹೋದ ಜೀವ ಬಂದಂತಾಯಿತು. ಅವನ ಎರಡೂ ಕೈ ಹಿಡಿದುಕೊಂಡೆ. ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಮದುವೆಗೆ ಏನೂ ಆಗುವುದಿಲ್ಲ ಎಂದು ಮಾತು ಕೊಟ್ಟ. ನಿಮಗೊಬ್ಬರಿಗೇ ಬಿರುದಿಲ್ಲದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿ, ಅಲ್ಲೇ ಖಾಜಾನಿಗೆ ಫೋನ್ ಹಚ್ಚಿ, ಉಳಿದೆರಡು ಬ್ಯಾನರಿನಲ್ಲಿ ನನ್ನ ಹೆಸರಿನ ಮುಂದೆಯೂ ಒಂದು ಪದ ಹಾಕಿಸಿದ. 'ಗಲ್ಲಿಬಲ್'. ನನ್ನ ಪಾಠ ಇನ್ನೂ ಅಲ್ಲಿಗೆ ಬಂದಿರಲಿಲ್ಲ.

"ಹಂಗಂದ್ರ?"

"ಎಲ್ಲಾರ ಮಾತಿಗೂ ಬೆಲಿ ಕೊಡೋ ದೊಡ್ಡ ಮನಸ್ಸಿನವರು ಅಂತ್ರಿ."

ಬರುವಾಗ ಬಸ್ಸಿನಲ್ಲಿ ಸೀಟೂ ಸಿಕ್ಕಿತು. ದಾರಿಯುದ್ದಕ್ಕೂ ಆ ಪದವನ್ನು ದಿನಬಳಕೆಯ ವಾಕ್ಯದಲ್ಲಿ ಇಟ್ಟುಕೊಂಡು ಬಂದೆ. ಐ ಯಾಮ್ ಗಲ್ಲಿಬಲ್. ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಅರ್ಥ ಬಿಡಿಸಿ ಹೇಳಿದೆ. ಮಸ್ಕಿಯಲ್ಲಿ ಇಳಿದು, ಆಗಷ್ಟೇ ಹೊರಬಂದಿದ್ದ ಬ್ಯಾನರಿನ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ನೆಂಟರಿಗೆಲ್ಲ ಕಳಿಸಿದೆ. ಸ್ಪೆಲ್ಲಿಂಗ್ ಸರಿಯಿದೆಯೇ ಎಂದು ಖಾಜಾ ಕೇಳಿದಾಗ, ಅಕ್ಷರ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು ಎಂದೆ. ಪಾಪ, ಸಿಂಧನೂರಿನ ಬ್ಯಾನರಿನಲ್ಲಿ ದೊಡ್ಡದು ಮಾಡಿಕೊಟ್ಟ.

ಮನೆಗೆ ಬಂದು ಗಿರಿಜಾಳಿಗೆ ಫೋಟೋ ತೋರಿಸಿ, ಅಳಿಯ ಎಂದರೆ ಹೀಗಿರಬೇಕು ಎಂದೆ. ಮಗಳು ಇಣುಕಿ ನೋಡಿದಳು. ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗಿಂದ ಬಹಳ ಹೊತ್ತು ನಗು ಕೇಳಿಸಿತು. ಆಮೇಲೆ ಕಣ್ಣೊರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು.

"ಅಪ್ಪಾ, ಯಾರು ಏನು ಹೇಳಿದ್ರೂ ನಂಬೋ ಪೆದ್ದ ಅಂತ ಅದರ ಅರ್ಥ. ಅವರು ಬ್ಯಾರೆ ಏನರ ಹೇಳಿದ್ರೇನು?"

ಹೇಳಿದ್ದರು. ನಾನು ನಂಬಿದ್ದೆ.

ಈಗ ಆ ಬ್ಯಾನರ್ ನನ್ನ ಅಂಗಡಿಯ ಎದುರಿಗೇ ಇದೆ. ಬಾಗಿಲು ತೆಗೆದರೆ ಮೊದಲ ದರ್ಶನ ಅದರದೇ. ಇಳಿಸಿಬಿಡಿ ಎಂದು ಬೀಗರಿಗೆ ಮತ್ತೆ ಫೋನ್ ಮಾಡಿದೆ. ಮದುವೆ ಮುಗಿಯುವ ತನಕ ಅಲುಗಾಡಿಸುವುದಿಲ್ಲ ಎಂದರು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಇಂಥವರಿಗೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ನಾನೇ ಕಲಿಸಿದ್ದು.