ಏರಿಳಿಯುವ ಎಂಟು ಟೇಬಲ್ಲುಗಳು

ಅಂಗಡಿ ತೆರೆದು ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಗಿರಾಕಿಯಾಗಿ ಮೆಟ್ಟಿಲು ಹತ್ತಿ ಬಂದು, ‘ಇದಕ್ಕೆ ಗ್ಯಾರಂಟಿ ಎಷ್ಟು ವರ್ಷ?’ ಎಂದು ಕೇಳುತ್ತದೆ.

ಪುಣೆಯ ಧನಕವಡಿಯಲ್ಲಿ ನನ್ನದು ಫರ್ನಿಚರ್ ಅಂಗಡಿ. ಮೊದಲು ಸ್ಟೀಲ್ ಕಪಾಟು, ಶಾಲೆಯ ಬೆಂಚು ಮಾರುತ್ತಿದ್ದೆ. ಸಾಫ್ಟ್‌ವೇರಿನವರು ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದ ಮೇಲೆ ಗಿರಾಕಿ ಬದಲಾದ, ಮಾಲೂ ಬದಲಾಯಿತು. ಬೆನ್ನಿಗೆ ಜಾಳಿಗೆಯಿರುವ ಕುರ್ಚಿ, ಲ್ಯಾಪ್‌ಟಾಪ್ ಸ್ಟ್ಯಾಂಡು, ಮಾನಿಟರನ್ನು ಎತ್ತಿ ಹಿಡಿಯುವ ಕಬ್ಬಿಣದ ತೋಳು, ಹೀಗೆ.

ಹೋದ ಮಳೆಗಾಲದಲ್ಲಿ ನಾನು ಮೋಟರಿನ ಎಂಟು ಟೇಬಲ್ಲು ತರಿಸಿದೆ. ಒಂದು ಬಟನ್ ಒತ್ತಿದರೆ ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಕೂತು ಕೂತು ಬೆನ್ನು ಹಿಡಿದವರು ನಿಂತು ಕೆಲಸ ಮಾಡಬಹುದು. ನನ್ನ ಹೆಂಡತಿ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ನನ್ನಷ್ಟೇ ವರ್ಷ ಕೂತವಳು. ಎಂಟೂ ಪೆಟ್ಟಿಗೆಗಳನ್ನು ಒಂದು ಸುತ್ತು ಹಾಕಿ ಬಂದು ಹೇಳಿದಳು:

“ಕೂತು ಮಾಡೂ ಕೆಲಸ ಸಿಗಲಿ ಅಂತ ಮಂದಿ ಹದಿನಾರು ವರ್ಷ ಸಾಲಿ ಕಲೀತಾರ. ಅಂಥವರಿಗೆ ನಿಂದರೂ ಟೇಬಲ್ ಮಾರ್ತೀರಿ?”

“ಮಾರ್ತೀನಿ.”

“ದೀಪಾವಳಿಯೊಳಗ ಎಂಟೂ ಹೋಗಬೇಕು. ಒಂದು ಉಳದ್ರೂ, ಹೋಗಿದ್ದು ಒಂದು ತಿರುಗಿ ಬಂದ್ರೂ, ಇನ್ನ ಮುಂದ ಅಂಗಡಿಗೆ ಏನು ತರೂದು ಏನು ಬಿಡೂದು ನಾ ಹೇಳಾಕಿ.”

ಒಪ್ಪಿಕೊಂಡೆ. ಇಂಥ ಪಂಥಕ್ಕೆ ನಮ್ಮ ಕಡೆ ಪೈಜು ಅನ್ನುತ್ತಾರೆ. ವ್ಯಾಪಾರಿಗೆ ಮಾಲು ಆರಿಸುವುದೊಂದೇ ಬುದ್ಧಿಯ ಕೆಲಸ. ಅದನ್ನು ಕಳೆದುಕೊಂಡರೆ ಉಳಿಯುವುದು ಧೂಳು ಝಾಡಿಸುವುದು, ಹಗ್ಗ ಕಟ್ಟುವುದು.

ಒಂದು: ಇಪ್ಪತ್ತಮೂರು ಪ್ರಶ್ನೆ

ಮೊದಲ ಗಿರಾಕಿ ಬೆಂಗಳೂರಿನ ಕಡೆಯ ಡೆವಲಪರ್. ಲ್ಯಾಪ್‌ಟಾಪ್ ತೆರೆದು ಇಪ್ಪತ್ತಮೂರು ಸಾಲಿನ ಒಂದು ಪಟ್ಟಿ ತೋರಿಸಿದ. ಮೋಟರಿನ ಸದ್ದೆಷ್ಟು, ಎಷ್ಟು ಭಾರ ತಡೆಯುತ್ತದೆ, ಏರುವುದಕ್ಕೆ ಎಷ್ಟು ಸೆಕೆಂಡು. ಮೂರು ಭಾನುವಾರ ಬಂದ, ಅಳೆದ, ಹೋದ. ನಾಲ್ಕನೆಯ ಭಾನುವಾರ, “ಫೈನಲ್ ಅಂಕಲ್, ಇವತ್ತಿಂದ ಲೈಫ್‌ಸ್ಟೈಲೇ ಚೇಂಜ್” ಎಂದು ಒಯ್ದ.

ತಿಂಗಳ ಮೇಲೆ ಫೋನ್ ಮಾಡಿದ. “ಅಂಕಲ್, ನಿಮ್ಮತ್ರ ಎತ್ತರದ ಸ್ಟೂಲ್ ಇದೆಯಾ? ಜ್ಯೂಸ್ ಸೆಂಟರಲ್ಲಿ ಇರುತ್ತಲ್ಲ, ಆ ಥರದ್ದು.”

ಇತ್ತು. ನಾನೇ ಒಯ್ದು ಕೊಟ್ಟೆ. ಅವನ ಟೇಬಲ್ಲು ಎದೆಮಟ್ಟಕ್ಕೆ ಏರಿ ನಿಂತಿತ್ತು. ಇವನು ಆ ಸ್ಟೂಲನ್ನು ಅದರ ಮುಂದಿಟ್ಟು, ಹತ್ತಿ ಕೂತು, ಕಾಲು ಇಳಿಬಿಟ್ಟು ಕೆಲಸ ಶುರು ಮಾಡಿದ.

“ಅಲ್ಲಪ್ಪಾ, ನಿಂತು ಮಾಡಬೇಕು ಅಂತ ಅಲ್ವಾ ತಗೊಂಡಿದ್ದು?”

ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: “ಟೇಬಲ್ ನಿಂತಿದೆಯಲ್ಲಾ ಅಂಕಲ್.”

ಎರಡು: ಖಾಲಿ ಜಾಗ

ಎರಡನೆಯವಳು ಡಿಸೈನರ್, ಆಪುಗಳ ಬಣ್ಣ, ಬಟನ್ ಬಿಡಿಸುವವಳು. ಅವಳ ಷರತ್ತು ಒಂದೇ: ಒಂದು ವೈರೂ ಕಾಣಬಾರದು. ನಮ್ಮ ಫಿಟ್ಟರ್ ಇಡೀ ದಿನ ಟೇಬಲ್ಲಿನ ಕೆಳಗೆ ಅಂಗಾತ ಮಲಗಿ ವೈರುಗಳನ್ನು ಕಟ್ಟಿ, ಮಡಚಿ, ಪಟ್ಟಿಯೊಳಗೆ ಸೇರಿಸಿದ. ಮೇಲೆ ಒಂದು ಮಾನಿಟರ್, ಒಂದು ದೀಪ, ಅಂಗೈಯಗಲದ ಕುಂಡದಲ್ಲಿ ಒಂದು ಗಿಡ. ದೇವರ ಕಟ್ಟೆಯ ಹಾಗಿತ್ತು. ಅವಳು ಅದರ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದಳು. ಎಲ್ಲೆಲ್ಲಿಂದಲೋ ಮೆಚ್ಚುಗೆ ಬಂತಂತೆ.

ಹದಿನೈದು ದಿನದ ಮೇಲೆ ಒಂದು ಸ್ಕ್ರೂ ಬಿಗಿ ಮಾಡಲು ಹೋದೆ. ಟೇಬಲ್ಲು ಹಾಗೇ ಮಿಂಚುತ್ತಿತ್ತು. ಅವಳು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಚಹಾದ ಲೋಟ, ಚಾರ್ಜರ್, ಬಿಸ್ಕಿಟ್ ಪುಡಿಯ ನಡುವೆ ಕೂತಿದ್ದಳು.

“ಟೇಬಲ್ಲಿಗೆ ಏನಾದರೂ ತೊಂದರೆ ಇದೆಯಾ ತಾಯಿ?”

“ಇಲ್ಲ ಅಂಕಲ್, ಪರ್ಫೆಕ್ಟ್ ಆಗಿದೆ. ಅದಕ್ಕೇ ಅದರ ಮೇಲೆ ಕೆಲಸ ಮಾಡೋಕೆ ಮನಸ್ಸೇ ಬರಲ್ಲ.”

ಮನೆಗೆ ಬಂದು ಇದನ್ನು ಹೇಳಿ ನಕ್ಕೆ. ಹೆಂಡತಿ ನಗಲಿಲ್ಲ. ನಮ್ಮ ಶೋಕೇಸಿನ ಕಡೆ ಕೈ ಮಾಡಿದಳು. ಅದರೊಳಗೆ ಮದುವೆಯಲ್ಲಿ ಬಂದ ಆರು ಜೊತೆ ಕಪ್-ಬಸಿ ಇವೆ. ನಾನು ಈವರೆಗೆ ಅವುಗಳಲ್ಲಿ ಚಹಾ ಕುಡಿದಿಲ್ಲ.

ಮೂರು: ಕೆಂಪು ದೀಪ

ಉಳಿದದ್ದು ಆರು. ಗಣಪತಿ ಹಬ್ಬ ಮುಗಿಯಿತು, ದಸರೆ ಬಂತು. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಮಾಲೀಕರು ಕರೆದರು. ಆರೂ ಅಲ್ಲೇ ಮಾರಿಬಿಡುವ ಆಸೆಯಿಂದ ಹೋದೆ. ಅವರಿಗೆ ಟೇಬಲ್ಲು ಬೇಕಿರಲಿಲ್ಲ.

“ನಮ್ಮ ಹುಡುಗರು ಒಬ್ಬರನ್ನೊಬ್ಬರು ಮಾತಾಡಿಸಿ ಕೆಲಸ ಕೆಡಿಸ್ತಾರೆ. ಧ್ಯಾನದಂತೆ ಕೆಲಸ ಆಗಬೇಕು. ಏನಾದರೂ ಕೊಡಿ.”

ನನ್ನ ಹತ್ತಿರ ಅದಕ್ಕೂ ಮಾಲಿತ್ತು: ಮೇಜಿನ ಮೇಲಿಡುವ ಪುಟ್ಟ ದೀಪ. ಹಸಿರು ಇದ್ದರೆ ಮಾತಾಡಿಸಬಹುದು, ಕೆಂಪು ಇದ್ದರೆ ಹತ್ತಿರ ಬರಕೂಡದು. ಹತ್ತು ದೀಪ ಕೊಟ್ಟೆ. ವಾರದ ನಂತರ, ಟೇಬಲ್ಲಿನ ವಿಷಯ ಮತ್ತೊಮ್ಮೆ ಎತ್ತೋಣ ಎಂದು ಹೋದಾಗ ಒಬ್ಬ ಆಗಷ್ಟೇ ಕೆಂಪು ಹಾಕಿದ. ಆಚೆಯ ಸಾಲಿನವನು ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟು ಮರಾಠಿಯಲ್ಲಿ, “ಕಾಯ್ ಝಾಲಂ ರೇ?” ಏನಾಯ್ತೋ ಎಂದ. ಅವನ ಹಿಂದೆ ಇನ್ನಿಬ್ಬರು. ಏನು ತುರ್ತು, ಯಾವ ಗಿರಾಕಿ ಕೂಗಾಡಿದ, ನಾವೇನಾದರೂ ಮಾಡಬೇಕೇ ಎಂದು ಅಲ್ಲೊಂದು ಸಣ್ಣ ಸಭೆಯೇ ಸೇರಿತು. ಹಸಿರು ದೀಪದವರ ಹತ್ತಿರ ಒಬ್ಬನೂ ಸುಳಿಯಲಿಲ್ಲ.

ಮಾಲೀಕರು ಗಾಜಿನ ಕೋಣೆಯಿಂದ ನೋಡುತ್ತಿದ್ದರು. ಹೊರಗೆ ಬಂದು ಹೇಳಿದರು: “ಕೆಲಸ ಇದ್ದಾಗ ಹಸಿರು ಹಾಕಿ ಅಂತ ನಿಯಮ ಬದಲಿಸ್ತೀನಿ.”

ಅವರು ಟೇಬಲ್ಲಿನ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಆದರೆ ವಾಪಸು ಬರುವಾಗ ನನಗೊಂದು ವಿಚಾರ ಹೊಳೆಯಿತು. ಇವರೆಲ್ಲ ನನ್ನ ಹತ್ತಿರ ಕೊಳ್ಳುವುದು ವಸ್ತುವನ್ನಲ್ಲ. ಕೊಳ್ಳುವುದು ತಾವು ಆಗಬೇಕೆಂದಿರುವ ಮನುಷ್ಯನನ್ನು: ನಿಂತು ಕೆಲಸ ಮಾಡುವ ತಾನು, ಚೊಕ್ಕಟವಾದ ತಾನು, ಗಮನ ಕದಲದ ತಾನು. ಆ ಮನುಷ್ಯನಿಗಾಗಿ ಟೇಬಲ್ಲು ಒಯ್ಯುತ್ತಾರೆ. ಅವನು ಆ ಮನೆಗೆ ಇನ್ನೂ ಬಂದಿರುವುದಿಲ್ಲ, ಅಷ್ಟೆ. ಇಂಥ ಸತ್ಯ ಗೊತ್ತಾಗಿ ವ್ಯಾಪಾರಿಗೆ ಉಪಯೋಗವೇನು? ಆರು ಟೇಬಲ್ಲು ಆರೇ ಇದ್ದವು.

ನಾಲ್ಕು: ಬಡಿದು ನೋಡಿದ ಗಿರಾಕಿ

ದೀಪಾವಳಿಗೆ ಎರಡು ವಾರ ಇದ್ದಾಗ ನಮ್ಮ ಕಲಬುರ್ಗಿ ಕಡೆಯ ಒಬ್ಬ ಅಕ್ಕಾರು ಬಂದರು. ಕಾತ್ರಜದಲ್ಲಿ ಬಸ್ಸಿನವರಿಗೆ, ಗಾರೆ ಕೆಲಸದ ಗೌಂಡಿಗಳಿಗೆ ಊಟ ಹಾಕುವ ಖಾನಾವಳಿ ಅವರದು. ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದು ಬಡಿದು ಮೊಣಕಾಲು ಹೋಗಿತ್ತು. ಇನ್ನು ನೆಲಕ್ಕೆ ಕೂರಬ್ಯಾಡ್ರಿ ಎಂದು ಡಾಕ್ಟರ್ ಹೇಳಿದ್ದರು.

“ಸಾವ್ಕಾರ್ರ, ಒಂದು ಗಟ್ಟಿ ಟೇಬಲ್ ತೋರಸ್ರಿ. ಆದ್ರ ನಮ್ಮಲ್ಲಿ ಬಡಿಯೋರು ಮೂರು ಮಂದಿ. ನಾ ಗಿಡ್ಡಾಕಿ, ಒಬ್ಬಾಕಿ ನಡುತರ, ಇನ್ನೊಬ್ಬಾಕಿ ತೆಂಗಿನ ಗಿಡ. ಒಬ್ಬಾಕಿಗೆ ಸರಿ ಆದ್ರ ಇನ್ನೊಬ್ಬಾಕಿ ನಡಾ ಹೋಗ್ತದ.”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಗಲ್ಲೆಯಿಂದ ಎದ್ದು ಹೋಗಿ ಮೋಟರಿನ ಟೇಬಲ್ಲಿನ ಬಟನ್ ಒತ್ತಿದಳು. ಅದು ಜುಂಯ್ ಎಂದು ಇಳಿಯಿತು, ಏರಿತು.

“ಇವು ಹೋದ್ರ ಪೈಜ್ ನೀ ಸೋಲ್ತಿ, ಮರತೀಯೇನು?” ಎಂದು ಮೆಲ್ಲಗೆ ಕೇಳಿದೆ.

“ಪೈಜ್ ಬ್ಯಾರೆ, ಗಿರಾಕಿ ಬ್ಯಾರೆ. ಸುಮ್ಮನಿರ್ರಿ.”

ಅಕ್ಕಾರು ಇಪ್ಪತ್ತಮೂರು ಪ್ರಶ್ನೆ ಕೇಳಲಿಲ್ಲ. ಸೆರಗು ಸಿಕ್ಕಿಸಿ, ಬರಿಗೈಯಿಂದ ಟೇಬಲ್ಲಿನ ಮೇಲೆ ಟಪಟಪ ಬಡಿಯತೊಡಗಿದರು, ಇಲ್ಲದ ಹಿಟ್ಟನ್ನು ತಿರುಗಿಸುತ್ತ, ಅಗಲ ಮಾಡುತ್ತ. ಪೂರ್ತಿ ಒಂದು ರೊಟ್ಟಿಯ ಹೊತ್ತು. ಟೇಬಲ್ಲು ಅಲುಗಲಿಲ್ಲ. ಮೂರು ಎತ್ತರವನ್ನು ಪಕ್ಕದ ಮೂರು ಬಟನ್ನಿನಲ್ಲಿ ಹೊಂದಿಸಿಡಬಹುದು ಎಂದು ತೋರಿಸಿದೆ.

“ಅಂದ್ರ ನಾ ಒಂದು, ನಡುತರದಾಕಿ ಎರಡು, ತೆಂಗಿನ ಗಿಡ ಮೂರು. ಎರಡು ಕಳಸ್ರಿ.”

ಮೇಲೆ ಸ್ಟೀಲ್ ಹಾಳೆ ಹೊದಿಸಿ, ಹಿಟ್ಟು ಹೋಗದಂತೆ ಮೋಟರಿಗೆ ಪ್ಲಾಸ್ಟಿಕ್ ಕಟ್ಟಿ ಕೊಟ್ಟೆವು. ಅವರ ತಂಗಿ ಚಾಕಣದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಊಟದ ಕ್ಯಾಂಟೀನ್ ನಡೆಸುತ್ತಾಳೆ. ಅಕ್ಕನ ಅಡುಗೆಮನೆ ನೋಡಿ ಹೋದವಳು ಮಿಕ್ಕ ನಾಲ್ಕನ್ನೂ ಒಯ್ದಳು. ಆ ಟೇಬಲ್ಲು ಮಾಡಿದವರು ಯಾರ ಬೆನ್ನನ್ನು ನೆನೆದು ಮಾಡಿದ್ದರೋ, ಅಂತೂ ಅದರ ಮುಂದೆ ನಿಜವಾಗಿ ನಿಂತವರು ಇವರೇ ಮೊದಲು.

ಐದು: ದೂರು

ದೀಪಾವಳಿಗೆ ಎರಡೇ ದಿನ. ನಾನು ಗೆದ್ದ ಗತ್ತಿನಲ್ಲಿ ಹೊಸ ಆರ್ಡರಿನ ಹಾಳೆ ಹಿಡಿದು ಕೂತಿದ್ದೆ. ಕಾತ್ರಜದ ಅಕ್ಕಾರ ಫೋನ್ ಬಂತು. ಹೆಂಡತಿ ಸ್ಪೀಕರ್ ಹಾಕಿದಳು.

“ಸಾವ್ಕಾರ್ರ, ನಿಮ್ಮ ಟೇಬಲ್ ವಾಪಸ್ ಒಯ್ರಿ! ಮುಂಜಾನಿಂದ ತಾಸಿಗೊಮ್ಮೆ ಕುಂಯ್ ಕುಂಯ್ ಅಂತ ಚೀರ್ತದ. ನಮ್ಮ ತೆಂಗಿನ ಗಿಡ ಅಂಜಿ ಹೊರಗ ಓಡಿ ಹೋಗ್ಯಾಳ.”

ವಾಪಸ್ ಎಂಬ ಮಾತು ಕೇಳಿ ಹೆಂಡತಿ ನನ್ನ ಕೈಯ ಹಾಳೆಯ ಕಡೆ ನೋಡಿದಳು. ನನಗೆ ಕಾರಣ ಹೊಳೆಯಿತು: ಕೂರಿಸುವಾಗ ನಾವೇ ಬಂದ್ ಮಾಡಿದ್ದ ಒಂದು ಅಲಾರಂ, ಕರೆಂಟು ಹೋಗಿ ಬಂದಾಗ ಮತ್ತೆ ಚಾಲೂ ಆಗಿದೆ.

“ಅಂಜಬ್ಯಾಡ್ರಿ ಅಕ್ಕಾರ. ಅದು ಕೆಟ್ಟಿಲ್ಲ. ಭಾಳ ಹೊತ್ತಿನಿಂದ ಹಂಗೇ ದುಡೀಲಿಕ್ಕೆ ಹತ್ತೀರಿ, ಇನ್ನ ಚೂರು ಆರಾಮ ತಗೋರಿ ಅಂತ ಹೇಳ್ತದ. ಈಗ ಬಂದು ಬಂದ್ ಮಾಡಿ ಕೊಡ್ತೀನಿ.”

ಆ ಕಡೆ ಪಾತ್ರೆಯೊಂದನ್ನು ಒಲೆಯಿಂದ ಕೆಳಗಿಟ್ಟ ಸದ್ದು.

“ಏನಂತದ? ಆರಾಮ ತಗೋ ಅಂತದ?”

“ಹೌದ್ರಿ.”

“ಮೂವತ್ತು ವರ್ಷ ರೊಟ್ಟಿ ಬಡದೀನಿ ಸಾವ್ಕಾರ್ರ. ನನಗ ಹಂಗಂದದ್ದು ಇದೊಂದ ನೋಡ್ರಿ. ನೀವು ಬರಬ್ಯಾಡ್ರಿ. ಬಂದ್ ಮಾಡಬ್ಯಾಡ್ರಿ.” ದನಿ ತಗ್ಗಿಸಿ ಕೇಳಿದರು: “ಅದರ ಆವಾಜ್ ಇನ್ನೊಂಚೂರು ಜೋರ್ ಮಾಡ್ಲಿಕ್ಕೆ ಬರ್ತದೇನ್ರಿ? ಒಳಗ ನಮ್ಮ ಮನಿಯವರು ಮಲಗ್ಯಾರ, ಅವರಿಗೂ ಕೇಳಲಿ.”

ಫೋನ್ ಇಟ್ಟೆ. ಒಂದೂ ತಿರುಗಿ ಬರಲಿಲ್ಲ. ಪೈಜು ನನ್ನದೇ. ಹಾಳೆಯ ಮೇಲೆ ಟೇಬಲ್ಲು ಹನ್ನೆರಡು ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಹೆಂಡತಿಯ ಮುಖ ನೋಡಿದೆ.

“ಹದಿಮೂರು ಮಾಡ್ರಿ” ಎಂದಳು.

“ಒಂದು ಹೆಚ್ಚಿಂದು ಯಾವ ಗಿರಾಕಿಗೆ?”

“ಮಾರ್ಲಿಕ್ಕಲ್ಲ, ನಮ್ಮ ಅಡಗಿ ಮನಿಗೆ” ಎಂದು ನನ್ನ ಚಹಾ ತರಲು ಒಳಗೆ ಹೋದಳು.